ಅಂದ್ರೆ ರಾಯರು ಜಾಗ ಬಿಟ್ಟಿದ್ದು

ಅಂದ್ರೆ ರಾಯರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ನೀರು ಸರಬರಾಜು ಕಚೇರಿಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಅವರು ಬಾಯಿ ತೆರೆದರೆ ಮೊದಲು ಹೊರಬೀಳುತ್ತಿದ್ದ ಮಾತು 'ಅಂದ್ರೆ'. ಹಾಗೆಂದ ಮೇಲೆ ಏನೋ ವಿವರಣೆ ಬರುತ್ತದೆಂದು ಕೇಳುವವರು ಕಾಯುತ್ತಿದ್ದರು. ಅದು ಬರುತ್ತಿರಲಿಲ್ಲ. ನಲ್ಲಿಯಲ್ಲಿ ನೀರಿಲ್ಲವೆಂದು ಜಗಳ ತೆಗೆಯಲು ಬಂದವರು ದೂರು ವಿಭಾಗದಲ್ಲಿ ರಾಯರ ಎದುರು ಸ್ವಲ್ಪ ಹೊತ್ತು ಕೂತು, ತಮಗೆ ಬೇಕಾಗಿದ್ದದ್ದು ನೀರೋ ಮತ್ತೊಂದೋ ಎಂಬ ಅನುಮಾನ ಹತ್ತಿಸಿಕೊಂಡು ಎದ್ದುಹೋಗುತ್ತಿದ್ದರು. ಇದರಿಂದಾಗಿ ಮೇಲಧಿಕಾರಿಗಳಿಗೆ ರಾಯರ ಮೇಲೆ ವಿಶೇಷ ಅಭಿಮಾನ.

ಇಂಥ ನಿರುಪದ್ರವಿ ಮನುಷ್ಯನ ಸಂಸಾರದಲ್ಲಿ ಬಿರುಗಾಳಿ ಎದ್ದದ್ದು ಒಂದು ಮೊಣಕಾಲಿನಿಂದ. ಮೊಣಕಾಲು ರಾಯರದಲ್ಲ, ಅವರ ಷಡ್ಡಕರದು.

ಷಡ್ಡಕರು ಹೊಸ ಮನೆ ಕಟ್ಟಿಸಿದ್ದರು. ಹೊಸ ಮನೆ ಕಟ್ಟಿಸಿದವರು ಬೇರೆಯವರ ಮನೆಗೆ ಬಂದಾಗ ಮೊದಲು ಸೂರು ನೋಡುತ್ತಾರೆ, ಆಮೇಲೆ ಗೋಡೆ, ಕೊನೆಗೆ ಮನುಷ್ಯರನ್ನು. ಷಡ್ಡಕರು ಸೂರು ನೋಡುತ್ತಲೇ ಒಳಗೆ ಬಂದದ್ದರಿಂದ ಊಟದ ಮೇಜಿನ ಮೂಲೆ ಅವರಿಗೆ ಕಾಣಲಿಲ್ಲ. ಮೊಣಕಾಲು ಹಿಡಿದುಕೊಂಡು ಹಿಂದಕ್ಕೆ ಸರಿದರೆ ಅಲ್ಲಿ ಬೀರು. ಪಕ್ಕಕ್ಕೆ ವಾಲಿದರೆ ಶೋಕೇಸು. ಕೊನೆಗೆ ಕೂರಲು ಸಿಕ್ಕಿದ್ದು ಸೋಫಾದ ಮೇಲೆ ಮಡಿಸಿಟ್ಟಿದ್ದ ಯಾರದೋ ಲಂಗದ ಬಟ್ಟೆ, ಅದರಲ್ಲಿ ಗುಂಡುಸೂಜಿಗಳಿದ್ದವು.

"ಏನಯ್ಯಾ ಇದು, ಹಾಲೋ ಗೋಡೌನೋ," ಎಂದರು ಷಡ್ಡಕರು ನಿಂತುಕೊಂಡೇ. "ಇಲ್ಲಿ ಮನುಷ್ಯರು ಇರೋಕಾಗತ್ತಾ? ಉಸಿರು ಕಟ್ಟತ್ತೆ."

"ಅಂದ್ರೆ..." ಎಂದರು ರಾಯರು.

"ಇರೋಕಾಗತ್ತೆ ಭಾವ. ಬಂದೋರು ಕೆಳಗೆ ನೋಡ್ಕೊಂಡು ನಡೆದ್ರೆ ಆಯ್ತು," ಎಂದಳು ರಾಯರ ಹೆಂಡತಿ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ.

ಅವಳ ಮಿಷನ್ನು ಇದ್ದದ್ದು ಹಾಲಿನ ಬೀದಿ ಕಡೆಯ ಕಿಟಕಿಯ ಕೆಳಗೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಒಳ್ಳೆಯ ಬೆಳಕು. ಬೀದಿಯ ಹೆಂಗಸರು ಬಟ್ಟೆಯ ಗಂಟನ್ನು ಆ ಕಿಟಕಿಯಿಂದಲೇ ಒಳಗೆ ಕೊಟ್ಟು, ಅಳತೆ, ಗಂಡ, ಅತ್ತೆ ಎಲ್ಲವನ್ನೂ ಅಲ್ಲೇ ನಿಂತು ಹೇಳಿ ಹೋಗುತ್ತಿದ್ದರು. ಇಂಥದ್ದೊಂದು ಕಿಟಕಿ ಸಿಗುವ ಮುಂಚೆ ಅವಳು ಕತ್ತಲು ಮನೆಗಳಲ್ಲಿ ಸೂಜಿಗೆ ದಾರ ಪೋಣಿಸುತ್ತ ಊರೆಲ್ಲ ಅಲೆದಿದ್ದಳು. ಹಾಗಾಗಿ ಬಾಡಿಗೆ ಮನೆಯಾದರೂ ಆ ಕಿಟಕಿ ಮಾತ್ರ ತನ್ನ ಸ್ವಂತದ್ದು ಎಂದೇ ಅವಳ ಲೆಕ್ಕ.

ಷಡ್ಡಕರು ಕುಂಟುತ್ತ ಹೋದರು. ಅವರ ಮಾತು ಕುಂಟದೆ ರಾಯರ ತಲೆಯಲ್ಲೇ ಉಳಿಯಿತು. ಆ ವಾರದ ಪತ್ರಿಕೆಯ ಪುರವಣಿಯಲ್ಲಿ 'ಮನೆಯೊಳಗಿನ ಸಾಮಾನು: ಎಲ್ಲಿಡಬೇಕು, ಹೇಗಿಡಬೇಕು' ಎಂಬ ಲೇಖನ ಬಂದದ್ದನ್ನು ವಿಧಿಯಾಟ ಎನ್ನದೆ ಬೇರೆ ದಾರಿಯಿಲ್ಲ. ರಾಯರು ಅದನ್ನು ಕಚೇರಿಯಲ್ಲಿ ಓದಿದರು, ಬಸ್ಸಿನಲ್ಲಿ ಓದಿದರು, ಬಚ್ಚಲುಮನೆಗೂ ಒಯ್ದರು. ಅದರ ಸಾರವೆಲ್ಲ ಎರಡು ಸಾಲಿನಲ್ಲಿತ್ತು: 'ಸಾಮಾನು ಒತ್ತೊತ್ತಾಗಿ ಇಡಬೇಡಿ, ಜಾಗ ಬಿಡಿ. ಜಾಗ ಬಿಡಲು ಕಲಿತವರ ಮನೆ ದೊಡ್ಡದಾಗಿ ಕಾಣುತ್ತದೆ.'

"ಜಾಗ ಬಿಡಬೇಕು," ಎಂದು ರಾಯರು ಊಟದ ಹೊತ್ತಿಗೆ ಘೋಷಿಸಿದರು.

"ತಟ್ಟೆ ಇಡೋಕೆ ಬಿಡಿ ಮೊದಲು," ಎಂದಳು ಹೆಂಡತಿ.

ಮಾರನೆಯ ದಿನ ರಾಯರು ಕ್ಷೌರಕ್ಕೆ ಹೋದರು. ಅಂಗಡಿಯವನು ಅವರ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ, ತಲೆಯನ್ನು ಬಗ್ಗಿಸಿ ಹಿಡಿದು, "ಏನ್ ಸಾರ್, ಬಹಳ ಯೋಚನೇಲಿದೀರಿ," ಎಂದ.

"ಅಂದ್ರೆ, ಜಾಗ ಬಿಡಬೇಕು ಅಂತ ತೀರ್ಮಾನ ಮಾಡಿಬಿಟ್ಟೆ."

ಕತ್ತರಿಯ ಸದ್ದು ನಿಂತಿತು. "ಇದ್ದಕ್ಕಿದ್ದ ಹಾಗೆ?"

"ಇದ್ದಕ್ಕಿದ್ದ ಹಾಗೇನಿಲ್ಲ. ನಮ್ಮ ಷಡ್ಡಕರು ಬಂದಿದ್ರು. ಇಲ್ಲಿ ಮನುಷ್ಯರು ಇರೋಕಾಗಲ್ಲ ಅಂದ್ರು. ಯೋಚನೆ ಮಾಡಿದೆ, ನಿಜ ಅನ್ನಿಸ್ತು."

"ಮನೆಯವರು ಒಪ್ಪಿದ್ರಾ?"

"ಅವಳು ಎಲ್ಲಿ ಒಪ್ತಾಳೆ. ಭಾನುವಾರ ಸಾಮಾನೆಲ್ಲ ಹೊರಗೆ ಹಾಕ್ತೀನಿ. ಆಮೇಲೆ ಒಪ್ಪದೆ ಏನು ಮಾಡ್ತಾಳೆ."

ಅಂಗಡಿಯವನು ಮರುಕದಿಂದ ನೊರೆ ಕಲಸಿ ರಾಯರ ಮುಖಕ್ಕೆಲ್ಲ ಬಳಿದ. ಕತ್ತಿಯನ್ನು ಗಂಟಲ ಮೇಲಿಟ್ಟು ಕೇಳಿದ: "ಹಾಗಾದ್ರೆ ಜಾಗ ಬಿಡೋದು ಖಂಡಿತ ಅನ್ನಿ."

ಗಂಟಲ ಮೇಲೆ ಕತ್ತಿಯಿದ್ದಾಗ ಭಾಷೆಯಲ್ಲಿ ಉಳಿಯುವುದು ಒಂದೇ ಅಕ್ಷರ. "ಹೂಂ," ಎಂದರು ರಾಯರು.

"ಮಹಡಿ ಮೇಲಿನ ಯಜಮಾನರಿಗೆ ಹೇಳಿದೀರಾ?"

"ಊಂ."

"ಹೇಳಿಲ್ವಾ?"

"ಊಂ."

"ಪಾಪ, ಹೇಗೆ ಹೇಳೋದು ಅಂತ ಸಂಕೋಚ. ಇರಲಿ ಬಿಡಿ ಸಾರ್, ನಾನಿದೀನಲ್ಲ."

ಮನೆಯ ಯಜಮಾನರು ನಿವೃತ್ತ ಶಾಲಾ ತನಿಖಾಧಿಕಾರಿಗಳು, ರಾಯರ ಮನೆಯ ಮೇಲಿನ ಮಹಡಿಯಲ್ಲೇ ವಾಸ. ಅವರೂ ಕ್ಷೌರಕ್ಕೆ ಅದೇ ಅಂಗಡಿಗೆ ಬರುತ್ತಿದ್ದರು ಎಂಬಲ್ಲಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ಭಾನುವಾರ ಬಂತು. ರಾಯರು ಪಂಚೆ ಎತ್ತಿ ಕಟ್ಟಿ, ಕಾಲೇಜಿಗೆ ಹೋಗುವ ಮಗಳ ಕೈಯಲ್ಲಿ ಒಂದು ತುದಿ ಹಿಡಿಸಿ, ಹಾಲಿನ ಸಾಮಾನನ್ನೆಲ್ಲ ಬೀದಿಗೆ ತಂದಿಟ್ಟರು. ಸೋಫಾ ಗೇಟಿನ ಬಳಿ, ಶೋಕೇಸು ವಿದ್ಯುತ್ ಕಂಬಕ್ಕೆ ಒರಗಿ, ಮಿಷನ್ನು ಮೋರಿಯ ಅಂಚಿಗೆ. "ಒಂದು ಸಲ ಪೂರ್ತಿ ಖಾಲಿ ಮಾಡಿ ನೋಡಿದ್ರೇನೇ ಹಾಲಿನ ನಿಜರೂಪ ಕಾಣೋದು," ಎಂಬುದು ಲೇಖನದ ಮಾತು. ಹಾಲಿನ ನಿಜರೂಪದಲ್ಲಿ ಕಂಡದ್ದು ಒಂದಷ್ಟು ಜೇಡರ ಬಲೆ ಮತ್ತು ಬೀರುವಿನ ಹಿಂದೆ ಬಿದ್ದು ಕಳೆದುಹೋಗಿದ್ದ ಕತ್ತರಿಗಳು.

ಪಕ್ಕದ ಮನೆಯಾಕೆ ಕಣ್ಣು ಒರೆಸಿಕೊಳ್ಳುತ್ತ ಬಂದಳು. ಅವಳ ಕೈಯಲ್ಲಿ ರಾಯರ ಹೆಂಡತಿ ಎಂದೋ ಕೊಟ್ಟು ಮರೆತಿದ್ದ ಜರಡಿ.

"ತಗೊಳ್ಳಿ ಅಕ್ಕ, ನಿಮ್ಮ ಜರಡಿ. ಋಣ ಇಟ್ಕೋಬಾರದು."

"ಈಗ ಯಾಕೆ? ನಿಧಾನಕ್ಕೆ ಕೊಟ್ರಾಗಿತ್ತು."

"ನಿಧಾನಕ್ಕೆ ಎಲ್ಲಿ ಹುಡುಕ್ಕೊಂಡು ಬರಲಿ ನಿಮ್ಮನ್ನ. ನನ್ನ ರವಿಕೆ ಒಂದು ಹೊಲಿದುಕೊಟ್ಟುಬಿಡಿ ಅಕ್ಕ, ನಿಮ್ಮನ್ನ ಬಿಟ್ರೆ ನನ್ನ ತೋಳಿನ ಅಳತೆ ಯಾರಿಗೂ ಅರ್ಥ ಆಗಲ್ಲ."

ರಾಯರ ಹೆಂಡತಿಗೆ ಇದರ ತಲೆಬುಡ ತಿಳಿಯಲಿಲ್ಲ. ಕೇಳೋಣವೆನ್ನುವಷ್ಟರಲ್ಲಿ ಸೋಫಾದ ಕಾಲು ಮೋರಿಗೆ ಜಾರಿತು, ಅವಳು ಅತ್ತ ಓಡಿದಳು.

ಅಷ್ಟರಲ್ಲಿ ಯಜಮಾನರು ಮಹಡಿ ಇಳಿದು ಬಂದು ಗೇಟಿನ ಬಳಿ ಕೈಕಟ್ಟಿ ನಿಂತರು. ತನಿಖೆಗೆ ಹೋದ ಶಾಲೆಯಲ್ಲಿ ಮೇಷ್ಟ್ರು ನಿದ್ದೆ ಹೋಗಿದ್ದಾಗ ಹಾಗೆ ನಿಲ್ಲುತ್ತಿದ್ದರಂತೆ.

"ರಾಯರೇ, ಜಾಗ ಬಿಡ್ತಿದೀರಂತೆ."

ಜಾಗ ಬಿಡುವ ತಮ್ಮ ಕಲೆಯ ಸುದ್ದಿ ಮಹಡಿಯವರೆಗೆ ಏರಿದ್ದಕ್ಕೆ ರಾಯರಿಗೆ ರೋಮಾಂಚನವಾಯಿತು. "ಹೌದು ಸಾರ್. ಬಿಟ್ರೇನೇ ಸುಖ."

"ಸುಖ. ಇಷ್ಟು ದಿವಸ ಕಷ್ಟ ಆಗ್ತಿತ್ತು ಅನ್ನಿ."

"ಅಂದ್ರೆ, ಕಷ್ಟ ಅಂತ ಗೊತ್ತೇ ಇರಲಿಲ್ಲ ಸಾರ್. ಷಡ್ಡಕರು ಹೇಳಿದ್ಮೇಲೆ ಗೊತ್ತಾಯ್ತು. ಉಸಿರು ಕಟ್ತಿತ್ತು."

"ನನ್ನ ಮನೇಲಿ ಉಸಿರು ಕಟ್ತಿತ್ತು."

"ಮೇಲೆ ನಿಮಗೂ ಕಟ್ತಿರತ್ತೆ ಸಾರ್, ಗೊತ್ತಾಗಿರಲ್ಲ ಅಷ್ಟೇ. ನೀವೂ ಜಾಗ ಬಿಡಿ ಸಾರ್. ಬೇಕಾದ್ರೆ ನಾನೇ ಬಂದು ಸಾಮಾನು ಹೊರಗೆ ಹಾಕಿಕೊಡ್ತೀನಿ."

ಯಜಮಾನರ ಮೀಸೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. "ಸಂತೋಷ," ಎಂದು ಹೇಳಿ, ಸಂತೋಷದ ಯಾವ ಗುರುತೂ ಇಲ್ಲದೆ ಮೆಟ್ಟಿಲು ಹತ್ತಿದರು.

ಸಂಜೆಯೊಳಗೆ ಹಾಲು ಬಯಲಾಗಿತ್ತು. ನಡುವೆ ಸೋಫಾ, ಅದರ ಮುಂದೆ ಟೀಪಾಯಿ, ಟೀಪಾಯಿಯ ಮೇಲೆ ಏನೂ ಇಲ್ಲ. ಕಿಟಕಿಯ ಕೆಳಗೂ ಏನೂ ಇಲ್ಲ. ಮಿಷನ್ನು, ಮೇಜು, ಬೀರು, ಶೋಕೇಸು ಎಲ್ಲ ಮಲಗುವ ಕೋಣೆಗೆ ಹೋಗಿದ್ದವು. ಆ ಕೋಣೆಯೊಳಗೆ ಈಗ ಮನುಷ್ಯರು ಹೋಗಬೇಕಾದರೆ ಬಾಗಿಲಿನಿಂದ ನೇರವಾಗಿ ಮಂಚದ ಮೇಲೆ ಬೀಳಬೇಕಿತ್ತು. ಆ ಬಗ್ಗೆ ಲೇಖನದಲ್ಲಿ ಏನೂ ಹೇಳಿರಲಿಲ್ಲವಾದ್ದರಿಂದ ರಾಯರು ಬಾಗಿಲು ಮುಚ್ಚಿಬಿಟ್ಟರು.

"ನಾನು ಮಂಚದ ಮೇಲೆ ಮಿಷನ್ ತುಳೀಲಾ?" ಎಂದಳು ಹೆಂಡತಿ.

"ಒಂದು ವಾರ ನೋಡು. ಮನೆಗೆ ಒಂದು ಘನತೆ ಬರತ್ತೆ."

ಘನತೆ ಮರುದಿನವೇ, ರಾಯರು ಕಚೇರಿಗೆ ಹೊರಡುವ ಮೊದಲೇ ಬಂತು. ಬಂದವನು ಒಬ್ಬ ದಂತವೈದ್ಯ, ವಯಸ್ಸು ಚಿಕ್ಕದು, ಹಲ್ಲು ಬಹಳ ಬೆಳ್ಳಗೆ. "ಮೇಲಿನ ಯಜಮಾನರು ಕಳಿಸಿದ್ರು, ಮನೆ ನೋಡ್ಕೊಂಡು ಹೋಗಿ ಅಂದ್ರು," ಎಂದ. ಯಜಮಾನರೇ ಕಲೆಯನ್ನು ಮೆಚ್ಚಿ ಅಭಿಮಾನಿಗಳನ್ನು ಕಳಿಸುತ್ತಿದ್ದಾರೆಂದು ರಾಯರು ತಿಳಿದರು. ಆಮೇಲೆ ಅವರನ್ನು ತಡೆಯುವವರಿರಲಿಲ್ಲ.

"ಬನ್ನಿ ಬನ್ನಿ. ಇಲ್ಲಿ ನಿಂತು ನೋಡಿ. ಎಷ್ಟು ವಿಶಾಲ ಕಾಣತ್ತೆ ಹೇಳಿ."

"ತುಂಬಾ ವಿಶಾಲ."

"ಗಾಳಿ ನೋಡಿ. ಬೆಳಕು ನೋಡಿ. ಬೆಳಗ್ಗಿಂದ ಸಂಜೆವರೆಗೆ ಹೀಗೇ."

ದಂತವೈದ್ಯ ಕಿಟಕಿಯ ಕೆಳಗೆ ಹೋಗಿ ನಿಂತು, ಬಾಯಿ ಅಗಲವಾಗಿ ತೆರೆದು, ಕೈಯಲ್ಲಿದ್ದ ಪುಟ್ಟ ಕನ್ನಡಿಯಲ್ಲಿ ತನ್ನ ದವಡೆ ಹಲ್ಲನ್ನೇ ನೋಡಿಕೊಂಡ. "ಅದ್ಭುತ. ಲೈಟೇ ಬೇಡ. ಕುರ್ಚಿ ಇಲ್ಲಿಗೆ ಹಾಕಿದ್ರೆ ಬೆಳಕು ನೇರ ಗಂಟಲಿಗೆ ಹೋಗತ್ತೆ."

"ಹಾಕಬಹುದು. ಆದ್ರೆ ಜಾಗ ಬಿಟ್ಟು ಹಾಕಬೇಕು."

"ಅದೇ ಕೇಳೋಣ ಅಂತಿದ್ದೆ. ನೀವು ಜಾಗ ಬಿಡೋದು ಯಾವತ್ತು?"

"ಆಗಲೇ ಬಿಟ್ಟಾಯ್ತಲ್ಲ, ಕಾಣ್ತಿಲ್ವೇ?"

"ಕಾಣ್ತಿದೆ, ಸಾಮಾನೆಲ್ಲ ಹೋಗಿದೆ. ನೀವು ಹೋಗೋದು ಯಾವತ್ತು ಅಂತ ಕೇಳಿದೆ. ನಾಳೆ ಸಂಜೆ ಅಮ್ಮನ್ನ ಕರ್ಕೊಂಡು ಬರ್ತೀನಿ. ಅವರು ಹೂಂ ಅಂದ ತಕ್ಷಣ ಕ್ಲಿನಿಕ್ ಬೋರ್ಡ್ ಹಾಕೋದೇ."

ಮಲಗುವ ಕೋಣೆಯಲ್ಲಿ ಓಡುತ್ತಿದ್ದ ಮಿಷನ್ನು ನಿಂತಿತು. ಬಾಗಿಲು ತೆರೆಯಿತು. ರಾಯರ ಹೆಂಡತಿ ಮಂಚದ ಮೇಲೆ ಮಂಡಿಯೂರಿ ಕೂತು ಗಂಡನನ್ನೇ ನೋಡಿದಳು. ಹಾಗೆ ನೋಡಿಸಿಕೊಳ್ಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ವಾಸಿ ಎಂದು ರಾಯರಿಗೆ ತೋರಿತು.

"ಅಂದ್ರೆ..." ಎಂದರು ರಾಯರು.

"ಏನಂದ್ರೆ," ಎಂದಳು ಅವಳು.

ಐದೇ ನಿಮಿಷದಲ್ಲಿ ಗಂಡಹೆಂಡತಿ ಇಬ್ಬರೂ ಮಹಡಿಯ ಮೇಲಿದ್ದರು. ಯಜಮಾನರು ಪೂರ್ತಿ ಕೇಳಿದರು. ಸಾಮಾನಿನ ನಡುವೆ ಬಿಡುವ ಜಾಗ, ಮನುಷ್ಯ ಬಿಟ್ಟುಹೋಗುವ ಜಾಗ, ಎರಡರ ವ್ಯತ್ಯಾಸವನ್ನೂ ಒಪ್ಪಿದರು. ಒಪ್ಪಿ ತಲೆಯಾಡಿಸಿದರು.

"ಆದ್ರೆ ಅಮ್ಮ, ನಾನು ಆ ಡಾಕ್ಟರಿಗೆ ಮಾತು ಕೊಟ್ಟಾಯ್ತು. ಕೊಟ್ಟ ಮಾತನ್ನ ನಾನು ಇವತ್ತಿನವರೆಗೆ ವಾಪಸ್ ತಗೊಂಡಿಲ್ಲ. ಅವರಾಗೇ ಬೇಡ ಅಂದ್ರೆ ಬೇರೆ ಮಾತು. ಅವರು ಬೇಕು ಅಂದ್ರೆ ನೀವು ಬೇರೆ ಮನೆ ನೋಡ್ಕೋಬೇಕಾಗತ್ತೆ. ನನಗೂ ಬೇಜಾರೇ."

ಮೆಟ್ಟಿಲಿಳಿಯುತ್ತ ರಾಯರ ಹೆಂಡತಿ ಕೆಳಗಿನ ಮೆಟ್ಟಿಲಿನಲ್ಲಿ ನಿಂತು, "ಮತ್ತೆ ಕತ್ತಲು ಮನೆಗೆ ಹೋಗೋಕೆ ನನ್ನ ಕಣ್ಣಲ್ಲಿ ಶಕ್ತಿ ಇಲ್ಲ," ಎಂದಳು. ಅವಳು ಬೈದಿದ್ದರೆ ರಾಯರಿಗೆ ಎಷ್ಟೋ ಹಗುರವಾಗುತ್ತಿತ್ತು.

ಉಪಾಯ ಹೊಳೆದದ್ದು ಮಗಳಿಗೆ. ಅವಳದು ಮಾತು ಕಡಿಮೆ, ಆದರೆ ಆಡಿದರೆ ಕೆಲಸಕ್ಕೆ ಬರುವಂಥದ್ದು. "ಅಪ್ಪ ಮನೇನ ದೊಡ್ಡದು ಮಾಡಿದ್ದಕ್ಕೆ ತಾನೇ ಅವರಿಗೆ ಬೇಕಾಗಿದ್ದು. ಚಿಕ್ಕದು ಮಾಡಿದ್ರೆ ಬೇಡ ಅಂತಾರೆ."

ಮಾರನೆಯ ದಿನ ರಾಯರು ಕಚೇರಿಗೆ ರಜೆ ಹಾಕಿದರು. ಪುರವಣಿಯ ಲೇಖನವನ್ನು ಎದುರಿಗಿಟ್ಟುಕೊಂಡು ಪ್ರತಿಯೊಂದು ಸಲಹೆಯನ್ನೂ ತಿರುಗಾಮುರುಗಾ ಜಾರಿಗೆ ತಂದರು. 'ಕಿಟಕಿಗೆ ಅಡ್ಡ ಇಡಬೇಡಿ' ಎಂದಲ್ಲಿ ಶೋಕೇಸನ್ನು ಕಿಟಕಿಗೇ ಒತ್ತಿ ನಿಲ್ಲಿಸಿದರು. 'ಓಡಾಡುವ ದಾರಿ ತೆರವಾಗಿರಲಿ' ಎಂದಲ್ಲಿ ಊಟದ ಮೇಜು. ಬೀರು ತನ್ನ ಹಳೆಯ ಸ್ಥಳಕ್ಕಿಂತ ಒಂದು ಮಾರು ಮುಂದೆ ಬಂದು ನಿಂತಿತು, ಸೋಫಾ ಗೋಡೆಯ ಕಡೆ ಮುಖ ತಿರುಗಿಸಿತು. ಇಷ್ಟಾದರೂ ಹಾಲು ಸಾಕಷ್ಟು ಚಿಕ್ಕದಾಗಲಿಲ್ಲ.

ಪಕ್ಕದ ಮನೆಯಾಕೆ ಸುದ್ದಿ ತಿಳಿದು, ಜರಡಿಯನ್ನು ವಾಪಸ್ ಪಡೆದು, ತನ್ನ ಮನೆಯ ದಿವಾನ್ ಮಂಚವನ್ನೂ ಕಬ್ಬಿಣದ ಟ್ರಂಕನ್ನೂ ಕಳಿಸಿದಳು. "ಇನ್ನೊಂದು ಮಂಚ ಇದೆ ಅಕ್ಕ, ಅದರ ಮೇಲೆ ನಮ್ಮ ಮಾವ ಮಲಗಿದಾರೆ. ಬೇಕಾದ್ರೆ ಅವರ ಸಮೇತ ಕಳಿಸ್ತೀನಿ. ಅವರು ಕೆಮ್ಮೋದೂ ಚೆನ್ನಾಗಿ ಕೇಳಿಸತ್ತೆ." ಮಾವನವರನ್ನು ಬೇಡವೆನ್ನಲಾಯಿತು.

ಸಂಜೆ ದಂತವೈದ್ಯ ಬರುವ ಹೊತ್ತಿಗೆ ಸರಿಯಾಗಿ ಕ್ಷೌರದ ಅಂಗಡಿಯವನು ಓಡಿಬಂದ. ಬೆನ್ನ ಮೇಲೆ ಅವನ ಅಂಗಡಿಯ ಹಳೆಯ ತಿರುಗುವ ಕುರ್ಚಿ. "ನನ್ನಿಂದಾನೇ ಆಗಿದ್ದು ಸಾರ್. ನನ್ನದೂ ಒಂದು ಇರಲಿ," ಎಂದು ಕುರ್ಚಿಯನ್ನು ಬಾಗಿಲಿನಿಂದ ಒಳಗೆ ನೂಕಿದ. ಅರ್ಧ ಒಳಗೆ ಬಂತು. ಇನ್ನಷ್ಟು ನೂಕಿದ. ಒಂದು ತೋಳು ಬಾಗಿಲಿನ ಒಳಗೆ, ಒಂದು ತೋಳು ಹೊರಗೆ, ಕಬ್ಬಿಣದ ಕಾಲು ಹೊಸ್ತಿಲ ಮೇಲೆ. ಕುರ್ಚಿ ಅಲ್ಲಿಗೆ ಸಿಕ್ಕಿಕೊಂಡಿತು. ಎಳೆದರೆ ಹೊರಗೆ ಬಾರದು, ನೂಕಿದರೆ ಒಳಗೆ ಹೋಗದು.

ಗೇಟಿನ ಸದ್ದಾಯಿತು. ದಂತವೈದ್ಯ, ಅವನ ಹಿಂದೆ ಕೋಲೂರಿಕೊಂಡು ಗಟ್ಟಿಮುಟ್ಟಾದ ಅವನ ತಾಯಿ, ಅವರ ಹಿಂದೆ ಯಜಮಾನರು. ರಾಯರ ಸಂಸಾರ ಕುರ್ಚಿಯ ಒಳಬದಿಗೆ, ಉಳಿದವರೆಲ್ಲ ಹೊರಬದಿಗೆ.

ದಂತವೈದ್ಯ ಕುರ್ಚಿಯ ಮೇಲಿಂದ ಕತ್ತು ಚಾಚಿ ಒಳಗೆ ನೋಡಿದ. "ಇದೇನು, ನೆನ್ನೆ ಹೀಗಿರಲಿಲ್ಲ."

"ಅಂದ್ರೆ, ನೆನ್ನೆ ನಿಮಗೆ ಹಾಗೆ ಕಾಣಿಸಿರಬೇಕು," ಎಂದರು ರಾಯರು ಬೀರುವಿಗೂ ಟ್ರಂಕಿಗೂ ನಡುವೆ ಅಡ್ಡಡ್ಡ ನಿಂತು. "ಬಹಳ ಇಕ್ಕಟ್ಟು. ಹಗಲೂ ಕತ್ತಲು. ಇಲ್ಲಿ ಮನುಷ್ಯರು ಇರೋಕಾಗಲ್ಲ."

"ಸಾಮಾನು ಜಾಸ್ತಿ ಇದೆ, ಅದಕ್ಕೆ. ಇದೆಲ್ಲ ನಿಮ್ದು ತಾನೇ. ನೀವು ಹೋಗ್ತಾ ತಗೊಂಡು ಹೋಗ್ತೀರಲ್ಲ. ಆಮೇಲೆ ದೊಡ್ಡದಾಗೇ ಇರತ್ತೆ."

ಬೆಳಗಿನಿಂದ ಬೆವರು ಸುರಿಸಿದ ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ. ಮಗಳು ಗೋಡೆಯ ಕಡೆ ತಿರುಗಿದಳು. ರಾಯರು ಹೆಂಡತಿಯ ಮುಖ ನೋಡಿದರು; ಅವಳು ಶೋಕೇಸಿನ ಹಿಂದೆ ಮರೆಯಾಗಿದ್ದ ಕಿಟಕಿಯತ್ತ ನೋಡುತ್ತಿದ್ದಳು.

"ತಪ್ಪು ನಂದು ಸ್ವಾಮಿ," ಎಂದರು ರಾಯರು ಇದ್ದಕ್ಕಿದ್ದಂತೆ. ಆ ವಾಕ್ಯದಲ್ಲಿ 'ಅಂದ್ರೆ' ಇರಲಿಲ್ಲ. "ನಾವು ಹೋಗೋರಲ್ಲ. ನಾನು ಸಾಮಾನಿಗೆ ಜಾಗ ಬಿಡ್ತೀನಿ ಅಂದೆ, ಊರು ಇನ್ನೊಂದು ತಿಳೀತು. ಆ ಕಿಟಕಿ ಕೆಳಗೆ ಇವಳು ಹೊಲಿಗೆ ಹೊಲಿಯೋದು. ಇನ್ನು ನೀವುಂಟು, ಯಜಮಾನರ ಮಾತುಂಟು."

ದಂತವೈದ್ಯ ತಾಯಿಯ ಕಡೆ ತಿರುಗಿದ. ಅವನ ತಾಯಿ ಮಾತ್ರ ಇಷ್ಟು ಹೊತ್ತೂ ಮನೆಯನ್ನು ನೋಡಿಯೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಕುರ್ಚಿಯನ್ನು. ಕೋಲಿನಿಂದ ಅದರ ತೋಳನ್ನು ತಟ್ಟಿದರು.

"ಲೋ ಮಗನೇ, ನಿನ್ನ ಹಲ್ಲು ಕೀಳೋ ಕುರ್ಚಿ ಇದಕ್ಕಿಂತ ಸಣ್ಣದಾ ದೊಡ್ಡದಾ?"

"ದೊಡ್ಡದಮ್ಮ. ಅದಕ್ಕೆ ದೀಪ, ನೀರಿನ ಬಟ್ಟಲು ಎಲ್ಲ ಅಂಟ್ಕೊಂಡಿರತ್ತೆ. ಬಿಚ್ಚೋಕೆ ಬರಲ್ಲ."

"ಇದೇ ಬಾಗಿಲಲ್ಲಿ ಸಿಕ್ಕೊಂಡಿದೆ. ಅದನ್ನ ಹೇಗೋ ಒಳಗೆ ತರ್ತೀಯ? ಬಾಯಿ ತೆಗೆಸಿ ಬೀದೀಲಿ ಕೂರಿಸ್ತೀಯಾ ಜನಾನ?"

ದಂತವೈದ್ಯ ಬಾಗಿಲನ್ನು ಗೇಣಿನಲ್ಲಿ ಅಳೆದ. ಮತ್ತೊಮ್ಮೆ ಅಳೆದ. ಆಮೇಲೆ ಯಜಮಾನರ ಕಡೆ ತಿರುಗಿದ. "ಬಾಗಿಲು ಸ್ವಲ್ಪ ಒಡೆಸಿ ಅಗಲ ಮಾಡಿಸಿದ್ರೆ..."

ಯಜಮಾನರ ಮೀಸೆ ಮೇಲೆ ಹೋಯಿತು. ಈ ಸಲ ಕೆಳಗೆ ಬರಲಿಲ್ಲ. "ಗೋಡೆಗೆ ಒಂದು ಮೊಳೆ ಹೊಡೆಯೋಕೆ ಬಿಟ್ಟೋನಲ್ಲ ನಾನು. ಬಾಗಿಲು ಒಡೀತಾರಂತೆ, ಬಾಗಿಲು. ಡಾಕ್ಟರೇ, ನಿಮಗೆ ಮನೆ ಬೇಕೋ ಬೇಡವೋ, ಅದು ಒಂದು ಹೇಳಿಬಿಡಿ."

"ಬೇಡ," ಎಂದರು ತಾಯಿ, ಮಗ ಬಾಯಿ ತೆರೆಯುವ ಮೊದಲೇ. ಆಮೇಲೆ ಕುರ್ಚಿಯ ಸಂದಿನಿಂದ ಒಳಗೆ ಬಗ್ಗಿ ನೋಡಿ, "ಏನಮ್ಮ, ಸೆರಗಿನ ಅಂಚು ಹೊಲಿದುಕೊಡ್ತೀಯಾ? ಇನ್ನೊಂದು ದಿವಸ ಬರ್ತೀನಿ," ಎಂದರು.

"ಬನ್ನಿ ತಾಯಿ," ಎಂದಳು ರಾಯರ ಹೆಂಡತಿ.

ಅವರು ಹೋದ ಮೇಲೆ ಯಜಮಾನರು ಗೇಟಿನ ಬಳಿ ಕೆಮ್ಮಿದರು. "ಬೇಡ ಅಂದಿದ್ದು ಅವರು. ನನ್ನ ಮಾತಿಗೆ ಭಂಗ ಬರಲಿಲ್ಲ. ನೀವು ಇರಿ ರಾಯರೇ. ಇನ್ನು ಮೇಲೆ ಏನಾದ್ರೂ ಬಿಡೋದಿದ್ರೆ ಮೊದಲು ನನಗೆ ಬಂದು ಹೇಳಿ, ಪೂರ್ತಿ ವಾಕ್ಯದಲ್ಲಿ." ಹೇಳಿ, ಅಂಗಿಯ ತೋಳು ಮಡಿಸಿ, ಕುರ್ಚಿಯ ಒಂದು ಕಡೆ ತಾವೇ ಹಿಡಿದರು. ಅಂಗಡಿಯವನು ಇನ್ನೊಂದು ಕಡೆ ಹಿಡಿದ. ಒಳಗಿನಿಂದ ರಾಯರು ನೂಕಿದರು. ಕುರ್ಚಿ ಹೊರಗೆ ಬಿತ್ತು, ಅದರ ಜೊತೆಗೆ ರಾಯರೂ.

ದಿವಾನ್ ಮಂಚ, ಟ್ರಂಕು ಪಕ್ಕದ ಮನೆಗೆ ಹೋದವು. ಶೋಕೇಸು ಕಿಟಕಿಯಿಂದ ಸರಿಯಿತು, ಮಿಷನ್ನು ಅದರ ಕೆಳಗೆ ಬಂದು ಕೂತಿತು. ಅಷ್ಟರೊಳಗೆ ಎಲ್ಲರ ಸೊಂಟ ಬಿದ್ದುಹೋಗಿತ್ತು. ಸೋಫಾ ಮಾತ್ರ ಗೋಡೆಯ ಕಡೆ ಮುಖ ಮಾಡಿಕೊಂಡು ಉಳಿದಿತ್ತು. ಅದನ್ನು ತಿರುಗಿಸುವ ತ್ರಾಣ ಯಾರಲ್ಲೂ ಇರಲಿಲ್ಲ. ಹೆಂಡತಿ ಚಹಾ ಮಾಡಿ ತಂದಳು. ಮೂವರೂ ಸಾಲಾಗಿ ಸೋಫಾದ ಮೇಲೆ ಕೂತು, ಒಂದು ಮೊಳ ದೂರದ ಖಾಲಿ ಗೋಡೆಯನ್ನು ನೋಡುತ್ತ ಕುಡಿದರು.



"ಗೋಡೆ ಚೆನ್ನಾಗಿದೆ," ಎಂದಳು ಹೆಂಡತಿ ಕೊನೆಗೆ.

"ಬಹಳ ಚೆನ್ನಾಗಿದೆ," ಎಂದರು ರಾಯರು.

ಮಗಳು ಕಾಲು ಚಾಚಿ ಪಾದಗಳನ್ನು ಗೋಡೆಗೆ ಊರಿದಳು. ಯಾರೂ ಅವಳನ್ನು ಬೈಯಲಿಲ್ಲ.